ವಾರಕ್ಕೊಂದು ಸೂಜಿ, ಏಳು ದಿನದ ಆರೈಕೆ

ಬಾಂದ್ರಾ ಪೂರ್ವದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಗೆ ನಾನು ಹೋದದ್ದು ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು. ಆ ಅಮ್ಮನಿಗೆ 68 ವರ್ಷ, 18 ವರ್ಷದ ಸಕ್ಕರೆ ಕಾಯಿಲೆ. ವಾರಕ್ಕೊಮ್ಮೆ ಹಾಕುವ ಹೊಸ ಇಂಜೆಕ್ಷನ್ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಬಾಗಿಲು ತೆಗೆಯುತ್ತಲೇ ಸೊಸೆ ಹೇಳಿದಳು: "ಸಿಸ್ಟರ್, ಅತ್ತೆ ಒಂಬತ್ತು ಕಿಲೋ ಇಳಿದಿದ್ದಾರೆ! ಶುಗರ್ ರಿಪೋರ್ಟೂ ಚೆನ್ನಾಗಿ ಬಂದಿದೆ."

ಡ್ರೆಸ್ಸಿಂಗ್ ಮುಗಿಸಿ, "ಒಮ್ಮೆ ಎದ್ದು ನಿಲ್ಲಿ ಅಮ್ಮಾ" ಎಂದೆ. ಕುರ್ಚಿಯ ಕೈ ಹಿಡಿದು ಎರಡು ಸಲ ಪ್ರಯತ್ನಿಸಿದರು, ಆಗಲಿಲ್ಲ. ಮೂರನೇ ಸಲ ನನ್ನ ಭುಜ ಹಿಡಿದು ಎದ್ದರು. ಬೆಳಿಗ್ಗೆ ಏನು ತಿಂದಿರಿ ಎಂದರೆ ಅರ್ಧ ಕಪ್ ಚಹಾ, ಎರಡು ಬಿಸ್ಕತ್ತು. ಹಿಂದಿನ ರಾತ್ರಿ? "ಎರಡು ತುತ್ತು ಗಂಜಿ. ಹಸಿವೇ ಇಲ್ಲ ಮಗಾ, ಏನು ಮಾಡ್ಲಿ?" ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ಹೋಗುತ್ತಿದ್ದರಂತೆ. ಅದನ್ನು ಮನೆಯವರು ಕಂಡಿದ್ದರು, ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಾಗಿದ್ದರು. ಎಲ್ಲರ ಕಣ್ಣೂ ತೂಕದ ಯಂತ್ರದ ಮೇಲಿತ್ತು. ಊಟದ ತಟ್ಟೆ ಯಾರೂ ನೋಡಿರಲಿಲ್ಲ.

ಬಾಂದ್ರಾ, ಖಾರ್, ಸಾಂತಾಕ್ರೂಜ್ ಕಡೆ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡುವ ನನಗೆ ಈಗೀಗ ಇಂಥ ಮನೆಗಳು ಮತ್ತೆ ಮತ್ತೆ ಸಿಗುತ್ತಿವೆ. ಔಷಧದಲ್ಲಿ ದೋಷವಿಲ್ಲ. ಅದು ಒಳ್ಳೆಯ ಔಷಧ, ಎಷ್ಟೋ ಜನರ ಹೃದಯ ಮತ್ತು ಮೂತ್ರಪಿಂಡ ಕಾಪಾಡುವಂಥದ್ದು. ಆದರೆ ಸೂಜಿ ಹಾಕಲು ಬೇಕಾದದ್ದು ಒಂದು ನಿಮಿಷ. ಆಮೇಲೆ ಏಳು ದಿನ ಅದು ದೇಹದಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಆ ಏಳು ದಿನ ಮನೆಯಲ್ಲಿ ಯಾರು ಏನು ನೋಡಿಕೊಳ್ಳಬೇಕು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಔಷಧದ ಪರಿಚಯ

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಇನ್ಸುಲಿನ್ ಬಿಡುವಂತೆ ಅದು ಮೇದೋಜೀರಕ ಗ್ರಂಥಿಗೆ ಹೇಳುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ, ಮಿದುಳಿಗೆ ಸಾಕು ಎನ್ನುತ್ತದೆ. ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದರಂತೆಯೇ ನಡೆದುಕೊಳ್ಳುವ, ಆದರೆ ವಾರವಿಡೀ ಉಳಿಯುವ ಅಣುವನ್ನು ಪ್ರಯೋಗಾಲಯದಲ್ಲಿ ಮಾಡಿದ್ದೇ ಈ ಇಂಜೆಕ್ಷನ್‌ಗಳು. ಈ ದಾರಿ ತೆರೆದದ್ದು ಒಂದು ಹಲ್ಲಿಯಿಂದ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ವಿಷದಲ್ಲಿ ಇಂಥದೊಂದು ಅಣುವನ್ನು ಜಾನ್ ಎಂಗ್ ಎಂಬ ವೈದ್ಯರು 1992ರ ಹೊತ್ತಿಗೆ ಗುರುತಿಸಿದರು.

ನಮ್ಮಲ್ಲಿ ಡುಲಾಗ್ಲುಟೈಡ್ ಎಂಬ ವಾರದ ಇಂಜೆಕ್ಷನ್ ಹಲವು ವರ್ಷಗಳಿಂದ ಇತ್ತು, ಬಳಸುವವರು ಕಡಿಮೆ. ಮಾತು ಮನೆಮನೆಗೆ ಬಂದದ್ದು 2025ರಲ್ಲಿ. ಮಾರ್ಚ್‌ನಲ್ಲಿ ಟಿರ್ಜೆಪಟೈಡ್ 'ಮೌಂಜಾರೊ' ಹೆಸರಿನಲ್ಲಿ ಬಂತು. ಸೆಮಾಗ್ಲುಟೈಡ್ ಜೂನ್‌ನಲ್ಲಿ ತೂಕಕ್ಕೆಂದು 'ವೆಗೋವಿ' ಆಗಿ, ಡಿಸೆಂಬರ್‌ನಲ್ಲಿ ಸಕ್ಕರೆ ಕಾಯಿಲೆಗೆಂದು 'ಓಜೆಂಪಿಕ್' ಆಗಿ ಬಂತು. ಮೌಂಜಾರೊ ಬಂದಾಗ 2.5 ಮಿಲಿಗ್ರಾಂನ ಒಂದು ಬಾಟಲಿಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375. ಒಂದು ಬಾಟಲಿ ಎಂದರೆ ಒಂದು ವಾರ. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಭಾರತದಲ್ಲಿ ಮುಗಿದು, ಇಲ್ಲಿನ ಕಂಪನಿಗಳ ಅಗ್ಗದ ಔಷಧಕ್ಕೆ ದಾರಿಯಾಯಿತು. ಬೆಲೆ ಇಳಿದರೆ ಬಳಸುವವರು ಹೆಚ್ಚುತ್ತಾರೆ, ಒಂದೊಂದು ಕಂಪನಿಯ ಇಂಜೆಕ್ಷನ್ ಪೆನ್ನು ಒಂದೊಂದು ಥರ ಇರುತ್ತದೆ. ಮನೆಯ ಆರೈಕೆಯ ಮಾತು ಈಗ ಹೆಚ್ಚು ಬೇಕಾಗಿರುವುದು ಅದಕ್ಕೇ.

ಕಡಿಮೆ ಡೋಸ್‌ನಿಂದ ಶುರುಮಾಡಿ, ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾ ಹೋಗುವುದು ಕ್ರಮ. ಓಜೆಂಪಿಕ್, ವೆಗೋವಿ ಎರಡಕ್ಕೂ ಮೊದಲ ಮೆಟ್ಟಿಲು 0.25 ಮಿಲಿಗ್ರಾಂ, ಮೌಂಜಾರೊಗೆ 2.5. ದೇಹ ಒಗ್ಗಲೆಂದು ಕೊಡುವ ಡೋಸ್ ಅದು. "ಒಂದು ತಿಂಗಳಾಯಿತು, ಏನೂ ಇಳಿದಿಲ್ಲ" ಎಂದು ಅವಸರಪಟ್ಟು ತಾವೇ ಏರಿಸಿಕೊಂಡವರು ವಾಂತಿಯಲ್ಲಿ ನರಳಿದ್ದನ್ನು ಕಂಡಿದ್ದೇನೆ. ಸೆಮಾಗ್ಲುಟೈಡ್‌ನ ಅರ್ಧ ಅಂಶ ದೇಹದಿಂದ ಹೋಗಲು ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡ್‌ಗೆ ಐದು ದಿನ. ಹಾಕಿದ ಸೂಜಿಯನ್ನು ವಾಪಸು ತೆಗೆಯಲಾಗುವುದಿಲ್ಲ. ಹೆಚ್ಚಾಗಿ ಬಿದ್ದರೆ ಒಂದು ರಾತ್ರಿ ನೋಡಿಕೊಂಡರೆ ಸಾಲದು, ದಿನಗಟ್ಟಲೆ ಕಾಯಬೇಕು.

ಫ್ರಿಜ್ಜಿನ ಮೇಲೊಂದು ನೋಟ್‌ಬುಕ್

ಮುಂಬೈ ಮನೆಗಳಲ್ಲಿ ಆರೈಕೆ ಒಬ್ಬರ ಕೈಯಲ್ಲಿ ಇರುವುದಿಲ್ಲ. ಹಗಲು ಬ್ಯೂರೋದಿಂದ ಬಂದ ಮಾವಶಿ, ಅಂದರೆ ಆರೈಕೆಯ ಹೆಂಗಸು, ರಾತ್ರಿ ಇನ್ನೊಬ್ಬಳು. ಮಗ ಲೋಕಲ್ ಹಿಡಿದು ಬರುವಾಗ ಒಂಬತ್ತು ಗಂಟೆ, ಸೊಸೆಗೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಕೆಲಸ, ಭಾನುವಾರ ಡೊಂಬಿವಲಿಯಿಂದ ಮಗಳು. ದಿನಾ ಹಾಕುವ ಇನ್ಸುಲಿನ್ ಅಭ್ಯಾಸವಾಗಿಬಿಡುತ್ತದೆ. ವಾರಕ್ಕೊಮ್ಮೆಯದು ಮರೆಯುತ್ತದೆ, ಇಲ್ಲವೇ ಮಗ ಶನಿವಾರ ಹಾಕಿದ್ದು ತಿಳಿಯದೆ ಮಗಳು ಭಾನುವಾರ ಮತ್ತೆ ಹಾಕುತ್ತಾಳೆ.

ಅದಕ್ಕೆ ನಾನು ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ಮಾಡಿಸುತ್ತೇನೆ, ದಾರ ಕಟ್ಟಿ ಫ್ರಿಜ್ಜಿಗೇ ನೇತುಹಾಕಿಸುತ್ತೇನೆ. ತಾರೀಖು, ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಎಲ್ಲಿ ಚುಚ್ಚಿದ್ದು, ಚುಚ್ಚಿದವರ ಸಹಿ. ಪಕ್ಕದಲ್ಲಿ ಆ ದಿನದ ತೂಕ, ಬಿಪಿ, ಬೆಳಗಿನ ಶುಗರ್. ಮಾವಶಿಗೆ ಕನ್ನಡ ಬಾರದು, ಅಮ್ಮನಿಗೆ ಮರಾಠಿ ಓದಲು ಬಾರದು. ಹಾಗಾಗಿ ಒಂದು ಮನುಷ್ಯನ ಚಿತ್ರ ಬರೆದು ಹೊಟ್ಟೆಯ ಎಡ ಬಲ, ತೊಡೆಯ ಎಡ ಬಲಕ್ಕೆ 1ರಿಂದ 4 ಎಂದು ಅಂಕಿ ಹಾಕಿಡುತ್ತೇನೆ. ಅಂಕಿ ಎಲ್ಲರಿಗೂ ಅರ್ಥವಾಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟುಗಳ ಫೈಲಿನ ಜೊತೆ ಈ ನೋಟ್‌ಬುಕ್ಕೂ ಹೋಗಲಿ.

ತಪ್ಪಿದ ಡೋಸ್‌ಗೆ ಒಂದೊಂದು ಔಷಧಕ್ಕೆ ಒಂದೊಂದು ನಿಯಮ. ಓಜೆಂಪಿಕ್ ತಪ್ಪಿ 5 ದಿನದೊಳಗೆ ನೆನಪಾದರೆ ಹಾಕಬಹುದು, ಮೌಂಜಾರೊಗೆ 4 ದಿನ. ಅದಕ್ಕಿಂತ ಹೆಚ್ಚಾದರೆ ಆ ವಾರದ್ದು ಬಿಟ್ಟು ಮುಂದಿನ ನಿಗದಿತ ದಿನವೇ ಹಾಕಬೇಕು. ಡುಲಾಗ್ಲುಟೈಡ್ ಆದರೆ ಮುಂದಿನ ಸೂಜಿಗೆ ಕನಿಷ್ಠ 3 ದಿನ ಉಳಿದಿರಬೇಕು. ತಪ್ಪಿಹೋಯಿತೆಂದು ಒಟ್ಟಿಗೆ ಎರಡು ಹಾಕುವಂತಿಲ್ಲ. ಎರಡು ಮೂರು ವಾರ ಸಾಲಾಗಿ ತಪ್ಪಿದ್ದರೆ ಹಳೆಯ ಡೋಸ್‌ನಿಂದಲೇ ಮುಂದುವರಿಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕಾಗಬಹುದು.

ಚುಚ್ಚುವ ಮೊದಲು, ಚುಚ್ಚುವಾಗ

ಕೈ ತೊಳೆಯಿರಿ. ಪೆನ್ನಿನ ಮೇಲಿನ ಹೆಸರು, ಮಿಲಿಗ್ರಾಂ, ಅವಧಿ ಮುಗಿಯುವ ತಾರೀಖು ಗಟ್ಟಿಯಾಗಿ ಓದಿ, ರೋಗಿಗೂ ಕೇಳಿಸುವಂತೆ. ಇನ್ಸುಲಿನ್ ಪೆನ್ನೂ ವಾರದ ಪೆನ್ನೂ ಒಂದೇ ಡಬ್ಬಿಯಲ್ಲಿದ್ದರೆ ಇವತ್ತೇ ಬೇರೆ ಮಾಡಿ. ಒಳಗಿನ ದ್ರವ ನೀರಿನಂತೆ ತಿಳಿಯಾಗಿರಬೇಕು. ಮಬ್ಬು ಅಥವಾ ಕಣ ಕಂಡರೆ ಬಳಸಬೇಡಿ. ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗಿಟ್ಟರೆ ಉರಿ ಕಡಿಮೆ.

ಹೊಟ್ಟೆಯಲ್ಲಾದರೆ ಹೊಕ್ಕುಳಿನಿಂದ ಮೂರು ಬೆರಳಗಲ ದೂರ. ಇಲ್ಲವೇ ತೊಡೆಯ ಮುಂಭಾಗ. ಬೇರೆಯವರು ಹಾಕುವುದಾದರೆ ತೋಳಿನ ಹಿಂಭಾಗವೂ ಆಗುತ್ತದೆ. ಪ್ರತಿ ವಾರ ಜಾಗ ಬದಲಿಸಿ. ಗಂಟು, ಗಾಯ, ಕೆಂಪು ಇರುವಲ್ಲಿ ಬೇಡ. ಪ್ರತಿ ಸಲ ಹೊಸ ಸೂಜಿ, 4 ಮಿಲಿಮೀಟರಿನದು ಸಾಕು. ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, ಸೊನ್ನೆ ಬಂದ ಮೇಲೂ ನಿಧಾನವಾಗಿ ಹತ್ತು ಎಣಿಸಿ ತೆಗೆಯಿರಿ. ಸೂಜಿ ಸಿಕ್ಕಿಸಿದ ಹಾಗೆಯೇ ಪೆನ್ನನ್ನು ಫ್ರಿಜ್ಜಿಗೆ ಇಡಬೇಡಿ. ಹೊಸ ಪೆನ್ನಿನಲ್ಲಿ ಮೊದಲ ಹನಿ ಬಿಟ್ಟು ನೋಡುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಪೆಟ್ಟಿಗೆಯೊಳಗಿನ ಚೀಟಿ ಬಿಸಾಡದೆ ಒಮ್ಮೆ ಪೂರ್ತಿ ಓದಿ.

ಬಾಟಲಿಯಿಂದ ಸಿರಿಂಜಿನಲ್ಲಿ ಎಳೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100. ಮೌಂಜಾರೊ ಬಾಟಲಿಯಲ್ಲಿ ಒಂದು ಡೋಸ್ ಎಂದರೆ ಅರ್ಧ ಮಿಲಿಲೀಟರ್. ಅದು ಯು-100 ಸಿರಿಂಜಿನಲ್ಲಿ 50ನೇ ಗೆರೆ, ಯು-40ರಲ್ಲಿ 20ನೇ ಗೆರೆ. ಒಂದು ಸಿರಿಂಜಿನ ಲೆಕ್ಕ ಇನ್ನೊಂದಕ್ಕೆ ಹಿಡಿದರೆ ಡೋಸ್ ಬುಡಮೇಲು. ಹಾಗಾಗಿ "ಎಷ್ಟು ಯೂನಿಟ್" ಎಂದು ಕೇಳಬೇಡಿ, "ಎಷ್ಟು ಎಂ.ಎಲ್." ಎಂದು ಕೇಳಿ, ಸಿರಿಂಜಿನ ಬಣ್ಣವನ್ನೂ ಡಾಕ್ಟರ ಹತ್ತಿರ ಚೀಟಿಯಲ್ಲೇ ಬರೆಸಿಕೊಳ್ಳಿ. ಆ ಬಾಟಲಿ ಒಂದೇ ಸಲಕ್ಕೆ. ಅರ್ಧ ಈ ವಾರ, ಅರ್ಧ ಮುಂದಿನ ವಾರ ಎಂದು ಇಟ್ಟುಕೊಂಡರೆ ಸೋಂಕಿಗೆ ಬಾಗಿಲು ತೆರೆದಂತೆ. ದುಡ್ಡು ಉಳಿಸಲು ಅಕ್ಕ ತಂಗಿ ಒಂದೇ ಪೆನ್ನು ಹಂಚಿಕೊಳ್ಳುವುದನ್ನೂ ನೋಡಿದ್ದೇನೆ. ಸೂಜಿ ಬದಲಿಸಿದರೂ ಪೆನ್ನಿನೊಳಗೆ ರಕ್ತದ ಅಂಶ ಹಿಂದೆ ಹೋಗಿರಬಹುದು. ಬೇಡವೇ ಬೇಡ.

ಮಾವಶಿಯರ ಬಗ್ಗೆ ಒಂದು ಮಾತು. ಅವರು ರೋಗಿಯನ್ನು ತಾಯಿಯಂತೆ ನೋಡಿಕೊಳ್ಳುತ್ತಾರೆ. ಆದರೆ ಎಲ್ಲರೂ ನರ್ಸಿಂಗ್ ಕಲಿತವರಲ್ಲ. ತರಬೇತಿಯಿಲ್ಲದವರ ಕೈಗೆ ಸಿರಿಂಜ್ ಕೊಟ್ಟು ಆಫೀಸಿಗೆ ಹೋಗುವುದು ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಫ್ರಿಜ್ಜು, ರೈಲು, ಮುಂಬೈಯ ಸೆಕೆ

ತೆರೆಯದ ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು. ಇಲ್ಲಿನ ಚಿಕ್ಕ ಮನೆಗಳಲ್ಲಿ ಒಂಟಿ ಬಾಗಿಲಿನ ಫ್ರಿಜ್ಜು, ಮೇಲೆ ಐಸಿನ ಖಾನೆ. ಅದರ ಕೆಳಗೇ ಇಟ್ಟ ಪೆನ್ನು ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕರಗಿ ತಿಳಿಯಾದರೂ ಉಪಯೋಗಕ್ಕಿಲ್ಲ, ಎಷ್ಟೇ ದುಡ್ಡು ಕೊಟ್ಟಿದ್ದರೂ ಎಸೆಯಬೇಕು. ನಡುವಿನ ಖಾನೆಯಲ್ಲಿ, ಮುಚ್ಚಳದ ಡಬ್ಬಿಯೊಳಗೆ, ಅದರ ಪೆಟ್ಟಿಗೆಯಲ್ಲೇ ಇಡಿ.

ಬಳಸಲು ಶುರುಮಾಡಿದ ಓಜೆಂಪಿಕ್ ಪೆನ್ನು 56 ದಿನ, ವೆಗೋವಿ ಪೆನ್ನು 6 ವಾರ, ಮೌಂಜಾರೊ ಕ್ವಿಕ್‌ಪೆನ್ 30 ದಿನ ಬಾಳುತ್ತವೆ. 30 ಡಿಗ್ರಿಯೊಳಗಿದ್ದರೆ ಹೊರಗೂ ಇಡಬಹುದು ಎಂದು ಚೀಟಿ ಹೇಳುತ್ತದೆ, ಆದರೆ ಮುಂಬೈಯಲ್ಲಿ ವರ್ಷದ ಹೆಚ್ಚಿನ ಮಧ್ಯಾಹ್ನ ಮನೆಯೊಳಗೇ 30 ದಾಟುತ್ತದೆ. ಇಲ್ಲಿ ಫ್ರಿಜ್ಜೇ ಗತಿ. ಪೆನ್ನು ತೆರೆದ ದಿನವನ್ನು ಸ್ಟಿಕ್ಕರ್ ಮೇಲೆ ಬರೆದು ಅಂಟಿಸಿ.

ಊರಿಗೆ ಹೋಗುವಾಗ ಎಲ್ಲರೂ ಕೇಳುತ್ತಾರೆ. ಕುರ್ಲಾ ಟರ್ಮಿನಸ್‌ನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಮಂಗಳೂರು. ಅಷ್ಟಕ್ಕೆ ತಂಪು ಚೀಲವೊಂದು ಸಾಕು. ಐಸ್ ಪ್ಯಾಕ್ ಸುತ್ತ ಟವೆಲ್ ಸುತ್ತಿ, ಪೆನ್ನಿಗೆ ನೇರ ತಾಗದಂತೆ ಇಡಿ. ಸೀಟಿನಡಿಯ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಇನ್ನೂ ಒಂದು ಉಪಾಯವಿದೆ. ಸೂಜಿಯ ದಿನವನ್ನು ಪ್ರಯಾಣಕ್ಕೆ ಹೊಂದಿಸಿಕೊಳ್ಳಬಹುದು, ಎರಡು ಡೋಸ್‌ಗಳ ನಡುವೆ ಕನಿಷ್ಠ 3 ದಿನ ಅಂತರವಿದ್ದರೆ ಸರಿ.

ತಟ್ಟೆ ನೋಡಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಡೋಸ್ ಏರಿದ ಮೊದಲ ದಿನಗಳಲ್ಲಿ ವಾಕರಿಕೆ, ಹುಳಿತೇಗು, ಹೊಟ್ಟೆ ಉಬ್ಬರ, ಭೇದಿ ಅಥವಾ ಮಲಬದ್ಧತೆ ಬರುವುದು ಸಾಮಾನ್ಯ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಮಧ್ಯಾಹ್ನ ಉಂಡದ್ದು ಸಂಜೆಯಾದರೂ ಅಲ್ಲೇ ಕೂತಂತಾಗುತ್ತದೆ. ಕರಿದದ್ದು, ತೆಂಗಿನಕಾಯಿ ಹಾಲಿನ ದಪ್ಪ ಸಾರು, ಬಿರಿಯಾನಿ, ಒಟ್ಟಿಗೆ ಹೊಟ್ಟೆ ತುಂಬಾ ಊಟ ಇವೆಲ್ಲ ವಾಕರಿಕೆಯನ್ನು ಹೆಚ್ಚಿಸುತ್ತವೆ. ಸಣ್ಣ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ. ಊಟದ ನಡುವೆ ಲೋಟಗಟ್ಟಲೆ ನೀರು ಬೇಡ, ಊಟಕ್ಕೂ ಊಟಕ್ಕೂ ಮಧ್ಯೆ ಗುಟುಕು ಗುಟುಕಾಗಿ ಕೊಡಿ. ತಿಂದ ಕೂಡಲೇ ಮಲಗಿಸಬೇಡಿ.

ನಮ್ಮ ಮನೆಗಳಲ್ಲಿ ಪ್ರೀತಿ ಎಂದರೆ ಬಡಿಸುವುದು. "ಇನ್ನೊಂದು ನೀರ್ ದೋಸೆ ಹಾಕ್ಲಾ?" ಎಂದು ಒತ್ತಾಯ ಮಾಡುವ ಮನೆಗಳಲ್ಲಿ ಈ ಔಷಧ ತೆಗೆದುಕೊಳ್ಳುವವರು ವಾಂತಿಯಾಗುವವರೆಗೆ ತಿನ್ನುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ತಿನ್ನದಿರುವುದೇ ಸಾಧನೆ. ಎರಡೂ ತಪ್ಪು. ರೋಗಿ ಕಡಿಮೆ ತಿನ್ನುವುದು ಔಷಧದ ಕೆಲಸ. ಆ ಕಡಿಮೆಯಲ್ಲಿ ಏನಿರಬೇಕೆಂದು ನೋಡುವುದು ನಮ್ಮ ಕೆಲಸ.

ಏಕೆಂದರೆ ಇಳಿಯುವ ತೂಕವೆಲ್ಲ ಕೊಬ್ಬಲ್ಲ. ಈ ಔಷಧಗಳ ದೊಡ್ಡ ಪರೀಕ್ಷೆಗಳಲ್ಲಿ ದೇಹದ ಒಳಗನ್ನು ಅಳೆದು ನೋಡಿದಾಗ, ಇಳಿದ ತೂಕದ ಕಾಲು ಭಾಗದಿಂದ ಐದರಲ್ಲಿ ಎರಡು ಭಾಗದಷ್ಟು ಕೊಬ್ಬಲ್ಲದ ಅಂಶವಾಗಿತ್ತು, ಅದರಲ್ಲಿ ಮಾಂಸಖಂಡವೂ ಸೇರುತ್ತದೆ. ಅನ್ನ, ಚಪಾತಿಯೇ ಊಟವಾದ ನಮ್ಮವರಲ್ಲಿ ಮೊದಲೇ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ಅರವತ್ತು ದಾಟಿದವರಲ್ಲಿ ಹೋದ ಸ್ನಾಯು ಸುಲಭವಾಗಿ ವಾಪಸು ಬರುವುದಿಲ್ಲ. ನಾನು ಮೊದಲು ಹೇಳಿದ ಅಮ್ಮ ಕುರ್ಚಿಯಿಂದ ಏಳಲಾರದೆ ಹೋದದ್ದು ಹೀಗೆ.

ಆದ್ದರಿಂದ ತಟ್ಟೆಯಲ್ಲಿ ಮೊದಲು ತಿನ್ನಬೇಕಾದದ್ದು ಪ್ರೋಟೀನು, ಹೊಟ್ಟೆ ತುಂಬುವ ಮೊದಲೇ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ ಇದೆ, 100 ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20. ಬಂಗುಡೆಗೆ ಹುಳಿ ಹೆಚ್ಚು, ಕಾಯಿ ಕಡಿಮೆ. ಸಸ್ಯಾಹಾರಿಗಳಿಗೆ ಹೆಸರುಕಾಳಿನ ತೊವ್ವೆ, ಮೊಳಕೆ ಬಂದ ಮಟ್ಕಿ (ಮಡಕೆ ಕಾಳು), ಹುರುಳಿ ಸಾರು, ಪನೀರು, ಗಟ್ಟಿ ಮೊಸರು, ಸೋಯಾ ಇವೆ. ಅನ್ನ ಕೊನೆಗೆ. ವಯಸ್ಸಾದವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನು ಗುರಿಯಾಗಿರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಈ ಲೆಕ್ಕವನ್ನು ಡಾಕ್ಟರ ಬಾಯಿಂದಲೇ ಕೇಳಬೇಕು. ಮಲಬದ್ಧತೆಗೆ ಬಸಳೆ, ತೊಂಡೆ, ಪಪ್ಪಾಯಿ, ಮಜ್ಜಿಗೆ, ನಡಿಗೆ. ನಾಲ್ಕು ದಿನ ಹೊಟ್ಟೆ ಹೋಗದಿದ್ದರೆ, ಜೊತೆಗೆ ಹೊಟ್ಟೆ ಉಬ್ಬಿ ವಾಂತಿಯಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ತೂಕದ ಯಂತ್ರದ ಪಕ್ಕದಲ್ಲಿ ಒಂದು ಗಟ್ಟಿ ಕುರ್ಚಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿ, ಊರದೆ ಐದು ಸಲ ಎದ್ದು ಕೂರಲು ಹೇಳಿ. ಪಕ್ಕದಲ್ಲೇ ನೀವು ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ತಿಂಗಳಿಗೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೂಕ ಇಳಿಯುತ್ತಾ ಈ ಸಮಯ ಏರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಡೋಸ್ ನಿಲ್ಲಿಸಿ ನೋಡಬೇಕಾಗಬಹುದು. ಕಾರ್ಟರ್ ರೋಡಿನಲ್ಲೋ ಜಾಗರ್ಸ್ ಪಾರ್ಕಿನಲ್ಲೋ ನಡೆಯುವವರು ಖಂಡಿತ ನಡೆಯಲಿ. ಆದರೆ ನಡಿಗೆಯೊಂದರಿಂದ ಸ್ನಾಯು ಉಳಿಯದು. ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಎತ್ತುವುದು, ಕುರ್ಚಿಯಿಂದ ಏಳುವುದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತಡಿಯ ಕೋಣೆಯಲ್ಲೂ ಆಗುತ್ತದೆ. ಆ ಅಮ್ಮನಿಗೆ ನಾವು ಮಾಡಿಸಿದ್ದೂ ಇದನ್ನೇ, ಬೆಳಿಗ್ಗೆ ಎರಡು ಮೊಟ್ಟೆಯೊಂದಿಗೆ.

ಹಳೆಯ ಮಾತ್ರೆಗಳನ್ನು ಎತ್ತಿ ನೋಡಿ

ಈ ಇಂಜೆಕ್ಷನ್ ಒಂದೇ ಇದ್ದರೆ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆ ಇದ್ದರೆ ಬೀಳುತ್ತದೆ. ಅವುಗಳ ಪ್ರಮಾಣ ಇಳಿಸಬೇಕೇ ಎಂದು ಮೊದಲ ಸೂಜಿಗೆ ಮುಂಚೆಯೇ ಡಾಕ್ಟರನ್ನು ಕೇಳಿ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮಾತ್ರೆಗಳೂ ಇದೇ ದಾರಿಯಲ್ಲಿ ಕೆಲಸ ಮಾಡುವಂಥವು, ಇದರ ಜೊತೆ ಅವುಗಳಿಂದ ಹೆಚ್ಚಿನ ಲಾಭವಿಲ್ಲ. ಎರಡೂ ನಡೆಯುತ್ತಿದ್ದರೆ ಕೇಳಿ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ, ಹಳೆಯ ಡೋಸ್‌ನ ಬಿಪಿ ಮಾತ್ರೆ ಹಾಗೆಯೇ ಮುಂದುವರಿದರೆ ತಲೆ ತಿರುಗಿ ಬೀಳುತ್ತಾರೆ.

ಬೆವರು, ನಡುಕ, ಎದೆ ಡವಗುಟ್ಟುವುದು, ತಡಬಡ ಮಾತು ಕಂಡರೆ ಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಹೊಟ್ಟೆ ನಿಧಾನವಾಗಿರುವುದರಿಂದ ಚಪಾತಿ ತಿನ್ನಿಸುತ್ತಾ ಕೂತರೆ ತಡವಾಗುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ವಾಂತಿ ಭೇದಿ ಹಿಡಿದ ದಿನ ಬೇರೆಯೇ ಲೆಕ್ಕ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಏನೂ ತಿನ್ನದೆ ಮಾತ್ರೆ ನುಂಗುತ್ತಾ ಹೋದರೆ, ಶುಗರ್ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲವಾಗುವ ಅಪಾಯವಿದೆ. ನೀರು ಇಳಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಮೆಟ್‌ಫಾರ್ಮಿನ್ ಕೂಡ ಅಂಥ ದಿನ ನಿಲ್ಲಿಸಬೇಕಾಗಬಹುದು. ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನು ಆರೋಗ್ಯವಾಗಿದ್ದಾಗಲೇ ಡಾಕ್ಟರಿಂದ ಬರೆಸಿಟ್ಟುಕೊಳ್ಳಿ. ಓಆರ್‌ಎಸ್ ಪ್ಯಾಕೆಟ್ ಮನೆಯಲ್ಲಿರಲಿ. ಮೂತ್ರ ಎಷ್ಟು ಸಲ ಹೋದರು, ಬಣ್ಣ ಹೇಗಿತ್ತು ಎಂದು ಮಾವಶಿಯನ್ನು ಕೇಳಿ. ಎಂಟು ಗಂಟೆ ಮೂತ್ರವೇ ಇಲ್ಲವೆಂದರೆ ಕಾಯಬೇಡಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಇಲ್ಲಿಯೇ.

ಉಪವಾಸದ ಬಗ್ಗೆ ಕೇಳದೆ ಯಾವ ಮನೆಯೂ ನನ್ನನ್ನು ಬಿಡುವುದಿಲ್ಲ. ಸಂಕಷ್ಟಿ, ಏಕಾದಶಿ, ರಂಜಾನ್, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಎಲ್ಲವೂ ಬಾಂದ್ರಾದಲ್ಲಿವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇರುವವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬಾರದು. ಡೋಸ್ ಏರಿಸಿದ ವಾರವಂತೂ ಯಾರಿಗೂ ಬೇಡ. ಹಾಗೆಯೇ ಸೆಪ್ಟೆಂಬರಿನ ಮೌಂಟ್ ಮೇರಿ ಜಾತ್ರೆಯ ತಿಂಡಿಗೆ, ಗಣೇಶನ ಮೋದಕಕ್ಕೆ ಮನಸ್ಸು ಎಳೆದರೆ ಒಂದು ತಿನ್ನಲಿ. ಮೂರು ತಿಂದರೆ ರಾತ್ರಿಯಿಡೀ ಬಕೆಟ್ ಹಿಡಿದು ನೀವು ಕೂರಬೇಕು.

ಯಾರಿಗೆ ಬೇಡ, ಯಾವಾಗ ಓಡಬೇಕು

ತಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಥೈರಾಯ್ಡ್‌ನ ಮೆಡುಲ್ಲರಿ ಕ್ಯಾನ್ಸರ್ ಬಂದಿದ್ದವರು ಈ ಔಷಧ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ ಬೇಡ. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರುಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿದಾಗ 4 ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಇದನ್ನು ಹೇಳಲು ನಮ್ಮ ಮನೆಗಳಲ್ಲಿ ಸಂಕೋಚ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದವರು, ಪಿತ್ತಕೋಶದ ಕಲ್ಲಿರುವವರು ಮೊದಲೇ ತಿಳಿಸಬೇಕು. ಹಳೆಯ ಸಕ್ಕರೆ ಕಾಯಿಲೆಯವರು ಶುರುಮಾಡುವ ಮೊದಲು ಕಣ್ಣಿನ ಪರದೆ ತೋರಿಸಬೇಕು, ಶುಗರ್ ಬೇಗನೆ ಇಳಿದಾಗ ಮೊದಲೇ ಹಾಳಾಗಿದ್ದ ಪರದೆ ಇನ್ನಷ್ಟು ಕೆಡಬಹುದು.

ಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವು, ಬೆನ್ನಿಗೆ ಹರಿದು ಬಿಡದೆ ಕಾಡುವುದು, ಜೊತೆಗೆ ವಾಂತಿ. ಬಲ ಪಕ್ಕೆಯಡಿ ನೋವು, ಜ್ವರ, ಕಣ್ಣು ಹಳದಿ. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗುವುದು. ಮುಖ, ಗಂಟಲು ಊದಿ ಉಸಿರು ಕಟ್ಟುವುದು. ಇವು ನಾಲ್ಕರಲ್ಲಿ ಒಂದು ಕಂಡರೂ ಗ್ಯಾಸ್ ಎಂದು ಈನೋ ಕುಡಿಸಿ ಬೆಳಗಾಗಲಿ ಎನ್ನಬೇಡಿ. ಭಾಭಾ, ಹೋಲಿ ಫ್ಯಾಮಿಲಿ, ಲೀಲಾವತಿ ಆಸ್ಪತ್ರೆಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ, ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತಾಗಿ ಇಂಜೆಕ್ಷನ್‌ನ ಹೆಸರು ಮತ್ತು ಕೊನೆಯದಾಗಿ ಹಾಕಿದ ತಾರೀಖು ಹೇಳಿ. ನೋಟ್‌ಬುಕ್ ಕೈಯಲ್ಲಿರಲಿ.

ಆಪರೇಷನ್, ಎಂಡೋಸ್ಕೋಪಿ ಯಾವುದೇ ಇರಲಿ, ಅರಿವಳಿಕೆ ಕೊಡುವ ವೈದ್ಯರಿಗೆ ಹಿಂದಿನ ದಿನವಲ್ಲ, ವಾರ ಎರಡು ವಾರ ಮೊದಲೇ ತಿಳಿಸಿ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಕುತ್ತು. ಒಂದು ಡೋಸ್ ಬಿಡಬೇಕೋ, ಹಿಂದಿನ ದಿನ ಬರೀ ದ್ರವಾಹಾರದಲ್ಲಿರಬೇಕೋ ಅವರು ತೀರ್ಮಾನಿಸುತ್ತಾರೆ. ತೂಕ ಇಳಿಸುವ ಸೂಜಿ ಎಂದು ನಾಚಿಕೆಯಿಂದ ಮುಚ್ಚಿಡುವವರು ಬಾಂದ್ರಾದಲ್ಲಿ ಬಹಳ ಇದ್ದಾರೆ. ಗಂಡನಿಗೆ ಹೇಳದಿದ್ದರೆ ನಿಮ್ಮಿಷ್ಟ, ಅರಿವಳಿಕೆ ವೈದ್ಯರಿಗೆ ಮಾತ್ರ ಮುಚ್ಚಿಡಬೇಡಿ.

ಗುರಿ ಮುಟ್ಟಿತೆಂದು ತಟ್ಟನೆ ನಿಲ್ಲಿಸಿದವರಿಗೂ ಒಂದು ಮಾತು. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸು ಬಂದದ್ದನ್ನು ಪರೀಕ್ಷೆಯೊಂದು ದಾಖಲಿಸಿದೆ. ಇದು ಬಿಪಿ ಮಾತ್ರೆಯಂತೆ ದೀರ್ಘಕಾಲದ ಔಷಧ. ಖರ್ಚು ವರ್ಷಗಟ್ಟಲೆ ಹೊರಬಹುದೇ ಎಂದು ಮೊದಲ ಸೂಜಿಗೆ ಮುಂಚೆಯೇ ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಔಷಧವನ್ನು ಡಾಕ್ಟರ ಚೀಟಿಯ ಮೇಲೆ, ಬಿಲ್ ಸಮೇತ, ಮೆಡಿಕಲ್ ಅಂಗಡಿಯಿಂದಲೇ ತನ್ನಿ. ಜಿಮ್‌ನಲ್ಲಿ, ಪಾರ್ಲರಿನಲ್ಲಿ, ವಾಟ್ಸ್ಯಾಪಿನಲ್ಲಿ ಸಿಗುವುದಕ್ಕೆ ಕೈ ಚಾಚಬೇಡಿ.

ಕೊನೆಯದಾಗಿ, ಬಳಸಿದ ಸೂಜಿ. ಮನೆಯಲ್ಲಿ ಬಳಸಿದ ಸೂಜಿ ಸಿರಿಂಜನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸ ಎಂದು ಗುರುತಿಸಿದ್ದವು, ಮಾಮೂಲಿ ಕಸದಿಂದ ಅದನ್ನು ಬೇರೆಯಾಗಿಯೇ ಕೊಡಬೇಕು. ಚುಚ್ಚಿದ ಕೂಡಲೇ ಸೂಜಿಯನ್ನು ಫಿನಾಯಿಲಿನ ಖಾಲಿ ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ 'ಸುಯಿ' ಎಂದು ಮರಾಠಿಯಲ್ಲಿ ದೊಡ್ಡದಾಗಿ ಬರೆಯಿರಿ. ನೀವು ಹೋಗುವ ಕ್ಲಿನಿಕ್ ಅಥವಾ ಲ್ಯಾಬ್ ತೆಗೆದುಕೊಳ್ಳುತ್ತದೆಯೇ ಕೇಳಿ. ಕಟ್ಟಡದ ಕಾಂಪೌಂಡಿನಲ್ಲಿ ಬೆಳಿಗ್ಗೆ ಏಳಕ್ಕೆ ಬರಿಗೈಯಲ್ಲಿ ಒಣಕಸ ಹಸಿಕಸ ಬೇರೆ ಮಾಡುವ ಹೆಂಗಸನ್ನು ನೀವು ದಿನಾ ನೋಡುತ್ತೀರಿ. ಅವಳ ಕೈಗೆ ನಿಮ್ಮ ಮನೆಯ ಸೂಜಿ ಚುಚ್ಚದಂತೆ ನೋಡಿಕೊಳ್ಳಿ.